ನೆಲಕ್ಕೆ ಕೂತ ಗಾಳಿ

ಕಣ್ಣು ಹಳದಿಯಾಯಿತೆಂದರೆ ನಮ್ಮ ಕಡೆಯ ಜನ ಡಾಕ್ಟರ ಮನೆಯ ದಾರಿ ಕೇಳುವುದಿಲ್ಲ, ಸೊಪ್ಪಿನ ಔಷಧಿ ಕೊಡುವವರ ಮನೆಯ ದಾರಿ ಕೇಳುತ್ತಾರೆ. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕಲಸಿ ಕುಡಿಸುವವರು ಒಬ್ಬರು, ಮೊಣಕೈ ಮೇಲೆ ಬಿಸಿ ಸೂಜಿಯ ಬರೆ ಎಳೆಯುವವರು ಇನ್ನೊಬ್ಬರು. ವಾಸಿಯಾದರೆ ಅದು ಸೊಪ್ಪಿನ ಗುಣ. ಆಗದಿದ್ದರೆ ಪಥ್ಯ ಮುರಿದವರ ತಪ್ಪು. ಹೇಗೆ ನೋಡಿದರೂ ಸೊಪ್ಪಿನವರಿಗೆ ಸೋಲಿಲ್ಲ! ಆದರೆ ಈ ಕಾಮಾಲೆ ಬಂದದ್ದಾದರೂ ಎಲ್ಲಿಂದ ಎಂದು ಕೇಳುವ ಪುಣ್ಯಾತ್ಮರು ಮಾತ್ರ ಸಿಗುವುದು ಅಪರೂಪ.

ಮರುಳಸಿದ್ದಮ್ಮನನ್ನೂ ಬಹಳ ದಿನ ಯಾರೂ ಕೇಳಲಿಲ್ಲ. ಇದು ಹೋದ ವರ್ಷದ ಮಾತು, ಅಂದರೆ ಅರವತ್ತೊಂದನೇ ಇಸವಿಯದು.

ಆಕೆ ಹರಿಹರದ ಪಕ್ಕದ ಗುತ್ತೂರಿನವಳು, ದಾವಣಗೆರೆಗೆ ಕೊಟ್ಟಿದ್ದರು. ಗಂಡ ಮಂಡಿಪೇಟೆಯ ಒಂದು ಕಾಳಿನ ಅಂಗಡಿಯಲ್ಲಿ ತೂಕಕ್ಕೆ ನಿಲ್ಲುತ್ತಿದ್ದ. ಐದು ವರ್ಷದ ಹಿಂದೆ ತೀರಿಕೊಂಡ. ಮಕ್ಕಳಿಲ್ಲ. ಗುತ್ತೂರಿನಲ್ಲೇ ಇದ್ದ ತಂಗಿ ಕಸ್ತೂರಮ್ಮ, "ಒಬ್ಬಳೇ ಏನು ಮಾಡ್ತೀಯಕ್ಕ, ನಮ್ಮ ಮನೆಗೆ ಬಂದುಬಿಡು" ಎಂದು ಎಷ್ಟೋ ಸಲ ಕರೆದಳು. ಮರುಳಸಿದ್ದಮ್ಮ ಹೋಗಲಿಲ್ಲ. ತಂಗಿ ಬಡಿಸುವ ಅನ್ನ ಎಷ್ಟೇ ಬಿಸಿಯಾಗಿರಲಿ, ಅದು ತಂಗಿಯ ಗಂಡನ ಮನೆಯ ಅನ್ನ. ಮೂರು ದಿನ ಉಂಡರೆ ನೆಂಟಸ್ತಿಕೆ, ಮೂರು ತಿಂಗಳು ಉಂಡರೆ ಹಂಗು. ಇಲ್ಲಾದರೆ ವಠಾರದಲ್ಲಿ ಒಂದೇ ಕೋಣೆಯಾದರೂ ಬಾಗಿಲು ತನ್ನದು, ಒಲೆ ತನ್ನದು. ಅಷ್ಟನ್ನು ಉಳಿಸಿಕೊಳ್ಳುವುದಕ್ಕೇ ಆಕೆ ಊರಾಚೆಯ ಬಟ್ಟೆ ಮಿಲ್ಲಿಗೆ ಕೆಲಸಕ್ಕೆ ಸೇರಿದಳು.

ಮೊದಲೆರಡು ವರ್ಷ ಚೆನ್ನಾಗಿಯೇ ಇತ್ತು. ಬಟ್ಟೆ ಮಡಚುವ ದೊಡ್ಡ ಕೋಣೆಯಲ್ಲಿ ಹನ್ನೆರಡು ಹೆಂಗಸರು, ಬೆಳಗಿನಿಂದ ಸಂಜೆಯವರೆಗೆ ಮಾತೇ ಮಾತು. ಸೊಸೆಯ ದೂರು, ಅತ್ತೆಯ ದೂರು, ನಡುವೆ ದುರುಗಮ್ಮನ ಹಾಸ್ಯ. ದುರುಗಮ್ಮ ಬಾಯಿಬಿಟ್ಟರೆ ಸತ್ತವರೂ ಎದ್ದು ಕೂತು ನಗಬೇಕು, ಅಂಥ ಹೆಂಗಸು. ಮಧ್ಯಾಹ್ನ ಎಲ್ಲರ ಬುತ್ತಿಯೂ ಎಲ್ಲರ ಮುಂದೆ. ಮನೆಯಲ್ಲಿ ಗೋಡೆಗಳ ಜೊತೆ ಮಾತಾಡುತ್ತಿದ್ದ ಮರುಳಸಿದ್ದಮ್ಮನಿಗೆ ಆ ಗದ್ದಲವೇ ಅರ್ಧ ಹೊಟ್ಟೆ ತುಂಬಿಸುತ್ತಿತ್ತು.

ಆಮೇಲೆ ಬಂತು ಹಾರುನೀರು.

ಮಗ್ಗದಿಂದ ಇಳಿದ ಬಟ್ಟೆಯ ಮೇಲೆ ಎಣ್ಣೆಯ ಕಲೆ ಇರುವುದು ಸಾಮಾನ್ಯ. ಸೋಪು ಹಾಕಿ ತೊಳೆದರೆ ಕಲೆ ಹೋಗುವುದಿಲ್ಲ, ಗಂಜಿ ಹೋಗುತ್ತದೆ. ಅದಕ್ಕೆಂದೇ ಡ್ರಮ್ಮಿನಲ್ಲಿ ಒಂದು ದ್ರವ ತರಿಸಿದರು. ನೋಡಲು ನೀರಿನಷ್ಟು ತಿಳಿ, ಮೂಗಿಗೆ ಒಂಥರಾ ಸಿಹಿ. ಅರಿವೆಯ ಚೂರನ್ನು ಅದರಲ್ಲಿ ಅದ್ದಿ ಕಲೆಯ ಮೇಲೆ ಒತ್ತಿದರೆ ಸಾಕು, ಕಲೆ ಮಂಗಮಾಯ! ಎಣ್ಣೆಯೂ ಇಲ್ಲ, ಒದ್ದೆಯೂ ಇಲ್ಲ. ನೋಡನೋಡುತ್ತ ಹಾರಿಹೋಗುತ್ತಿದ್ದರಿಂದ ಹೆಂಗಸರೇ ಅದಕ್ಕೆ ಹಾರುನೀರು ಎಂದು ಹೆಸರಿಟ್ಟರು. ಡ್ರಮ್ಮಿನ ಮೇಲಿದ್ದ ಉದ್ದನೆಯ ಇಂಗ್ಲಿಷ್ ಹೆಸರನ್ನು ಯಾರೂ ಓದಲಿಲ್ಲ. ಓದಬಲ್ಲವರಾಗಿದ್ದ ಮೇಸ್ತ್ರಿ ಕಲ್ಲೇಶಪ್ಪನವರಿಗೂ ಅದು ಬರೀ ಹೆಸರು.

ಕಲ್ಲೇಶಪ್ಪನವರು ಕೆಟ್ಟವರಲ್ಲ. ಆದರೆ ಸಾಮಾನು ಪೋಲಾದರೆ ಅವರ ಕರುಳು ಕಿತ್ತು ಬರುತ್ತಿತ್ತು. ದೊಡ್ಡ ಕೋಣೆಯಲ್ಲಿ ಗಾಳಿ ಆಡುತ್ತದೆ, ಹಾರುನೀರು ಸುಮ್ಮನೆ ಹಾರಿಹೋಗುತ್ತದೆ ಎಂದು ಅವರು ಕೊನೆಯ ಸಣ್ಣ ಕೋಣೆಯನ್ನು ಖಾಲಿ ಮಾಡಿಸಿದರು. ಮೇಲೆ ಸೂರಿನ ಹತ್ತಿರ ಒಂದು ಕಿಂಡಿ, ಕೆಳಗೆ ಬಂಡೆ ಹಾಸು, ಒಂದೇ ಬಾಗಿಲು.

"ಮರುಳಸಿದ್ದಮ್ಮ, ನಿನ್ನ ಕೈ ನಾಜೂಕು. ನೀನು ಇಲ್ಲಿ ಕೂಡು. ಬಾಗಿಲು ಮಾತ್ರ ಮುಚ್ಕೊಂಡಿರಬೇಕು ನೋಡು" ಎಂದರು.

"ಒಬ್ಬಳೇ ಏನ್ರಿ?"

"ಕಲೆ ತೆಗಿಯಾಕೆ ದಿಬ್ಬಣ ಬೇಕೇನವ್ವ?"

ಹೀಗೆ ಮರುಳಸಿದ್ದಮ್ಮ ಮಿಲ್ಲಿನಲ್ಲೂ ಒಬ್ಬಳೇ ಆದಳು. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತು, ಮುಂದೆ ಬೋಗುಣಿಯಲ್ಲಿ ಹಾರುನೀರು ಇಟ್ಟುಕೊಂಡು, ಬಟ್ಟೆಯ ಥಾನಿನ ಮೇಲೆ ಥಾನು ಹರವಿ ಕಲೆ ಹುಡುಕುವುದು. ಗೋಡೆಯಾಚೆ ದುರುಗಮ್ಮ ಏನೋ ಹೇಳಿ ಎಲ್ಲರೂ ಗೊಳ್ಳೆಂದು ನಕ್ಕರೆ ನಗು ಮಾತ್ರ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಏನು ಹೇಳಿದಳೋ ಏನೋ ಎಂದು ಆಕೆ ತಾನೂ ಸುಮ್ಮನೆ ಸ್ವಲ್ಪ ನಗುತ್ತಿದ್ದಳು.

ಆ ಕೋಣೆಗೆ ಬರುತ್ತಿದ್ದ ಇನ್ನೊಂದು ಜೀವವೆಂದರೆ ಒಂದು ಕೆಂದು ಬೆಕ್ಕು. ಇಲಿಗೆಂದು ಮಿಲ್ಲಿಗೆ ಬಂದದ್ದು, ಮರುಳಸಿದ್ದಮ್ಮನ ಮಗ್ಗುಲಲ್ಲಿ ತಂಪು ಬಂಡೆ ಸಿಕ್ಕಿತೆಂದು ಅಲ್ಲೇ ಠಿಕಾಣಿ ಹಾಕಿತು. ಕೆಂಚಿ ಎಂದು ಕರೆದಳು. ತೆಂಗಿನ ಕರಟದಲ್ಲಿ ಮಜ್ಜಿಗೆ ಅನ್ನ ಹಾಕಿದಳು. "ಏನೇ ಕೆಂಚಿ, ರಾತ್ರಿಯೆಲ್ಲ ಬೇಟೆ ಆಡಿ ಬಂದಿಯೇನೇ, ಹಿಂಗೆ ಸುಸ್ತಾಗಿ ಬಿದ್ದೀಯಲ್ಲ" ಎಂದು ಮಾತಾಡಿಸುತ್ತಿದ್ದಳು. ಬೆಕ್ಕು ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚುತ್ತಿತ್ತು. ಅಷ್ಟು ಉತ್ತರವೇ ಆಕೆಗೆ ಸಾಕಾಗಿತ್ತು.

ಮೂರು ತಿಂಗಳಿಗೆ ತಲೆಭಾರ ಶುರುವಾಯಿತು. ಆಮೇಲೆ ಓಕರಿಕೆ, ಊಟ ಕಂಡರೆ ಆಗದು. ಒಂದು ದಿನ ಬೆಳಿಗ್ಗೆ ಕನ್ನಡಿ ನೋಡಿಕೊಂಡರೆ ಕಣ್ಣು ಅರಿಸಿನದ ಹಾಗೆ. ರಜೆ ಕೇಳಿ ಪ್ಯಾಸೆಂಜರ್ ರೈಲು ಹತ್ತಿ ತಂಗಿಯ ಮನೆಗೆ ಹೋದಳು. ಸೊಪ್ಪಿನ ಅಜ್ಜಯ್ಯ ಬಂದು ಔಷಧಿ ಕೊಟ್ಟ. ಹೊಳೆ ಕಡೆಯ ಗಾಳಿ, ತಂಗಿಯ ಪಡಸಾಲೆ, ಮಜ್ಜಿಗೆ ಗಂಜಿ. ಇಪ್ಪತ್ತು ದಿನಕ್ಕೆ ಕಣ್ಣು ಬಿಳುಪಾಯಿತು.

"ನೋಡಿದ್ಯಕ್ಕ, ಅಜ್ಜಯ್ಯನ ಸೊಪ್ಪು ಅಂದ್ರೆ ಅಮೃತ" ಎಂದಳು ಕಸ್ತೂರಮ್ಮ.

ವಾಪಸು ಬಂದಾಗ ಮಿಲ್ಲಿನಲ್ಲಿ ಸುದ್ದಿ ಆಕೆಗಿಂತ ಮೊದಲೇ ಬಂದಿತ್ತು. ಮಧ್ಯಾಹ್ನ ಬುತ್ತಿ ಹಿಡಿದು ದೊಡ್ಡ ಕೋಣೆಗೆ ಹೋದರೆ ಹೆಂಗಸರ ಸಾಲು ಮೆಲ್ಲಗೆ ಅತ್ತ ಸರಿಯಿತು. ಯಾರೂ ಬೈಯಲಿಲ್ಲ. ದುರುಗಮ್ಮ ಮಾತ್ರ ನೆಲ ನೋಡುತ್ತ ಹೇಳಿದಳು, "ತಪ್ಪು ತಿಳ್ಕೋಬ್ಯಾಡ ಯವ್ವಾ. ಮನೆಯಾಗೆ ಸಣ್ಣ ಕೂಸುಗಳು ಅದಾವೆ. ಕಾಮಾಲೆ ಅಂಟು ಅಂತಾರೆ."

"ಹೌದು ಬಿಡವ್ವ" ಎಂದಳು ಮರುಳಸಿದ್ದಮ್ಮ. ಬುತ್ತಿ ತಿರುಗಿ ಹಿಡಿದುಕೊಂಡು ಸಣ್ಣ ಕೋಣೆಗೆ ಬಂದಳು. ಬಾಗಿಲು ಮುಚ್ಚಿದಳು. ಒಂದು ತುತ್ತು ತಾನು, ಒಂದು ತುತ್ತು ಕೆಂಚಿ. ಅವತ್ತು ಆಕೆಗೆ ಅಳು ಬಂತು. ಆದರೆ ಒಬ್ಬರೇ ಇರುವವರಿಗೆ ಅಳುವುದೂ ಬೇಸರ, ಸಮಾಧಾನ ಮಾಡುವವರಿಲ್ಲದ ಮೇಲೆ ಎಷ್ಟು ಹೊತ್ತು ಅಂತ ಅಳುವುದು.

ಅಲ್ಲಿಂದ ಮುಂದೆ ಊಟವೂ ಅಲ್ಲೇ, ಊಟದ ಮೇಲಿನ ಅಡ್ಡಾಗುವುದೂ ಅಲ್ಲೇ. ನಮ್ಮವರಿಗೆ ಒಂದು ಅಭ್ಯಾಸ ಉಂಟಲ್ಲ, ತಲೆ ತಿರುಗಿತೋ, ಮೊದಲು ನೆಲ ಹಿಡಿ. ತಂಪು ಬಂಡೆಗೆ ಕೆನ್ನೆ ಒತ್ತಿದರೆ ಅರ್ಧ ಕಾಯಿಲೆ ಇಳಿಯಿತು ಎನ್ನುವ ಜನ ನಾವು. ಮರುಳಸಿದ್ದಮ್ಮನೂ ಹಾಗೆಯೇ ಮಾಡಿದಳು. ತಲೆ ಗಿರ್ರೆಂದಾಗಲೆಲ್ಲ ಸೆರಗು ಹಾಸಿ ಬೋಗುಣಿಯ ಪಕ್ಕದಲ್ಲೇ ಮಲಗಿದಳು. ಮಲಗಿದಷ್ಟೂ ತಲೆ ತಿರುಗಿತು. ತಿರುಗಿದಷ್ಟೂ ಮಲಗಿದಳು.

ಎರಡನೇ ಸಲ ಕಣ್ಣು ಹಳದಿಯಾಯಿತು. ಮತ್ತೆ ಗುತ್ತೂರು, ಮತ್ತೆ ಸೊಪ್ಪು, ಮತ್ತೆ ವಾಸಿ. ಮೂರನೇ ಸಲ ಹಳದಿ ಕಂಡಾಗ ಆಕೆ ಯಾರಿಗೂ ಹೇಳಲಿಲ್ಲ. ಇನ್ನೊಮ್ಮೆ ರಜೆ ಕೇಳಿದರೆ ಕಲ್ಲೇಶಪ್ಪನವರು ಕೆಲಸದಿಂದಲೇ ತೆಗೆದಾರು. ಕೆಲಸ ಹೋದರೆ ಬಾಗಿಲು ಹೋಯಿತು, ಒಲೆ ಹೋಯಿತು, ತಂಗಿಯ ಮನೆಯ ಮೂಲೆಯೇ ಗತಿ. ಸೆರಗನ್ನು ಹಣೆಯವರೆಗೂ ಎಳೆದುಕೊಂಡು, ತಲೆ ತಗ್ಗಿಸಿ ಬಂದು ತಲೆ ತಗ್ಗಿಸಿ ಹೋದಳು. ಅಯ್ಯೋ, ಒಲೆ ಉಳಿಸಿಕೊಳ್ಳಲು ಹೋಗಿ ಅಡಿಗೆ ಮಾಡುವವಳೇ ಉರಿದುಹೋಗುತ್ತಿದ್ದುದು ಆಕೆಗೆ ತಿಳಿಯಲೇ ಇಲ್ಲ.

ಕಾರ್ತಿಕದ ಒಂದು ಮಧ್ಯಾಹ್ನ. ಬುತ್ತಿ ಬಿಚ್ಚಲೂ ಮನಸ್ಸಿಲ್ಲದೆ ಆಕೆ ನೆಲಕ್ಕೆ ಒರಗಿದ್ದಳು. ಕೈಗೆ ಕೆಂಚಿ ತಗುಲಿತು. ಯಾವಾಗಲೂ ತಗುಲಿದರೆ ಗುರ್ ಎನ್ನುವ ಬೆಕ್ಕು ಅನ್ನಲಿಲ್ಲ.

"ಕೆಂಚಿ?"

ಅಲುಗಾಡಿಸಿದಳು. ತಲೆ ಜೋತುಬಿತ್ತು. ಬಾಯಂಚಿನಲ್ಲಿ ನೊರೆ. ಮೈ ಇನ್ನೂ ಬೆಚ್ಚಗಿತ್ತು. ತನಗಾಗಿ ಏಳಲು ಆಗದವಳು ಬೆಕ್ಕಿಗಾಗಿ ಎದ್ದಳು. ಗೋಡೆ ಹಿಡಿದು, ಬೆಕ್ಕನ್ನು ಎದೆಗೆ ಒತ್ತಿಕೊಂಡು, ಬಾಗಿಲು ನೂಕಿ ಹೊರಗಿನ ಮೆಟ್ಟಿಲ ಮೇಲೆ ಬಂದು ಕುಸಿದಳು. "ನೀರು... ಯಾರಾರ ನೀರು ಕೊಡ್ರಿ... ಇದಕ್ಕೆ" ಎಂದಳು.

ಬೇವಿನ ಮರದ ಕೆಳಗೆ ಉಣ್ಣುತ್ತಿದ್ದ ಹೆಂಗಸರು ಎದ್ದು ನಿಂತರು. ಆಕೆಯ ಸೆರಗು ಜಾರಿತ್ತು, ಕಣ್ಣಿನ ಹಳದಿ ಎಲ್ಲರಿಗೂ ಕಂಡಿತು. ನಿಂತವರು ನಿಂತೇ ಇದ್ದರು. ಹತ್ತು ಮಾರು ದೂರ, ಅಷ್ಟೇ. ಆ ಹತ್ತು ಮಾರನ್ನು ಯಾರೂ ದಾಟಲಿಲ್ಲ. ಕೊನೆಗೆ ದುರುಗಮ್ಮ, "ದವಾಖಾನಿ ಅಕ್ಕೋರನ್ನ ಕರೀತೀನಿ" ಎಂದು ಓಡಿದಳು.

ಬಂದವಳು ಬಿಲ್ಕೀಸ್. ಮಿಲ್ಲಿನ ಸಣ್ಣ ದವಾಖಾನೆಗೆ ಹೊಸದಾಗಿ ಬಂದಿದ್ದ ನರ್ಸು. ಮಾತು ಕಮ್ಮಿ, ಕಣ್ಣು ಚುರುಕು. ನೆಟ್ಟಗೆ ಮೆಟ್ಟಿಲಿಗೆ ಬಂದು ಮರುಳಸಿದ್ದಮ್ಮನ ಪಕ್ಕ ಕೂತಳು, ತೋಳು ಹಿಡಿದಳು. ಅಷ್ಟು ತಿಂಗಳಾದ ಮೇಲೆ ಒಂದು ಕೈ ತನ್ನನ್ನು ಮುಟ್ಟಿದ್ದಕ್ಕೆ ಮರುಳಸಿದ್ದಮ್ಮ ಮೊದಲು ಬೆಚ್ಚಿದಳು, ಆಮೇಲೆ ಆ ಕೈಯನ್ನು ಬಿಡಲೇ ಇಲ್ಲ.

"ಮುಟ್ಟಬ್ಯಾಡ್ರಿ ಅಕ್ಕೋರೆ, ಕಾಮಾಲೆ ಐತೆ" ಎಂದು ಯಾರೋ ದೂರದಿಂದ ಕೂಗಿದರು.

ಬಿಲ್ಕೀಸ್ ಬೆಕ್ಕನ್ನು ಮುಟ್ಟಿ ನೋಡಿದಳು. ಅದರ ಉಸಿರು ನಿಂತಿತ್ತು.

"ಹಂಗಾದ್ರೆ ಈ ಬೆಕ್ಕಿಗೆ ಯಾರ ಅಂಟು ತಗಲ್ತು?" ಎಂದಳು. "ಅಕ್ಕ, ಇದು ಎಲ್ಲಿ ಮಲಗ್ತಿತ್ತು?"

"ನನ್ನ ಪಕ್ಕ. ನೆಲದ ಮ್ಯಾಲೆ."

"ನೀವು ಕೆಲಸ ಕೂತು ಮಾಡ್ತೀರೋ, ನಿಂತು ಮಾಡ್ತೀರೋ?"

"ಕೂತು. ತಲೆ ತಿರುಗಿದ್ರೆ ಹಂಗೇ ಮಲಗ್ತೀನಿ."

"ಬಾಗಿಲು?"

"ಮುಚ್ಚಿರ್ತೈತಿ. ನೀರು ಹಾರಿ ಹೋಗ್ತೈತಂತೆ."

ಬಿಲ್ಕೀಸ್ ಎದ್ದು ಒಳಗೆ ಹೋದಳು. ಒಂದು ಕ್ಷಣ ನಿಂತು, ಮೂಗಿಗೆ ಬಂದ ಸಿಹಿ ವಾಸನೆಗೆ ಮುಖ ಸಿಂಡರಿಸಿ, ಡ್ರಮ್ಮಿನ ಮೇಲಿನ ಹೆಸರು ಓದಿ ಸರ್ರನೆ ಹೊರಗೆ ಬಂದಳು. "ಕಾರ್ಬನ್ ಟೆಟ್ರಾಕ್ಲೋರೈಡ್" ಎಂದಳು. ಹೆಂಗಸರಿಗೆ ಅದು ಮಂತ್ರದ ಹಾಗೆ ಕೇಳಿಸಿತು. "ಈಗಿಂದೀಗ ಇವರನ್ನ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಗಾಡಿ ಕಟ್ಟಸ್ರಿ."

ಆಸ್ಪತ್ರೆಯಲ್ಲಿ ಹದಿನೇಳು ದಿನ. ಮೊದಲ ವಾರ ಮೂತ್ರವೇ ಸರಿಯಾಗಿ ಇಳಿಯಲಿಲ್ಲ. ಬದುಕುತ್ತಾಳೋ ಇಲ್ಲವೋ ಎಂದು ಡಾಕ್ಟರೂ ಹೇಳಲಿಲ್ಲ. ತಂಗಿ ನಾಲ್ಕು ದಿನ ಇದ್ದು ಮನೆ ನೋಡಿಕೊಳ್ಳಲು ಹೋದಳು. ಉಳಿದ ದಿನ ಆ ಕಡೆ ಈ ಕಡೆ ಹಾಸಿಗೆಗಳಿಗೆ ಬಂದುಹೋಗುವ ನೆಂಟರನ್ನು ನೋಡುತ್ತ ಮರುಳಸಿದ್ದಮ್ಮ ಮಲಗಿದ್ದಳು. ಸಂಜೆಗೊಮ್ಮೆ ಬಿಲ್ಕೀಸ್ ಬಂದು ಕೂತು ಹೋಗುತ್ತಿದ್ದಳು. ಬೆಕ್ಕನ್ನು ಏನು ಮಾಡಿದಿರಿ ಎಂದು ಮರುಳಸಿದ್ದಮ್ಮ ಒಮ್ಮೆ ಕೇಳಿದಳು. ಬೇವಿನ ಮರದ ಬುಡದಲ್ಲಿ ಹೂಳಿಸಿದೆ ಎಂದಳು ಬಿಲ್ಕೀಸ್.

ಬಿಡುಗಡೆಯಾಗಿ ಗುತ್ತೂರಿಗೆ ಹೋದ ಮೇಲೆ ಒಂದು ಭಾನುವಾರ ಬಿಲ್ಕೀಸ್ ಹರಿಹರಕ್ಕೆ ರೈಲಿನಲ್ಲಿ ಬಂದು, ಅಲ್ಲಿಂದ ನಡೆದು ಕಸ್ತೂರಮ್ಮನ ಮನೆ ಹುಡುಕಿಕೊಂಡು ಬಂದಳು. ಪಡಸಾಲೆಯಲ್ಲಿ ಸೊಪ್ಪಿನ ಬಟ್ಟಲು ಸಿದ್ಧವಾಗಿತ್ತು.

"ಬರ್ರಿ ಅಕ್ಕೋರೆ, ಕೂಡ್ರಿ" ಎಂದಳು ಕಸ್ತೂರಮ್ಮ. "ನಿಮ್ಮ ಆಸ್ಪತ್ರೆ ಸೂಜಿ ಆತು, ಈಗ ನಮ್ಮ ಅಜ್ಜಯ್ಯನ ಸೊಪ್ಪು. ಎರಡು ಸಲ ಇದ್ರಾಗೇ ಗುಣ ಆಗಿತ್ತು ನೋಡ್ರಿ."

"ಎರಡು ಸಲ ಗುಣ ಆತು, ನಿಜ. ಮೂರು ಸಲ ಯಾಕ ಬಂತು?"

ಕಸ್ತೂರಮ್ಮ ಸೊಪ್ಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಅಕ್ಕ ಇಲ್ಲಿಗೆ ಬಂದ್ರೆ ಗುಣ, ಅಲ್ಲಿಗೆ ಹೋದ್ರೆ ರೋಗ. ಸೊಪ್ಪು ತಿಂದಿದ್ದಕ್ಕಲ್ಲ ಅಮ್ಮ, ಆ ಕೋಣೆ ಬಿಟ್ಟಿದ್ದಕ್ಕೆ ಗುಣ ಆಗ್ತಿತ್ತು. ಆ ಹಾರುನೀರಿನ ಆವಿ ಉಸಿರಿನಾಗೆ ಒಳಗೆ ಹೋಗಿ ಯಕೃತ್ತು, ಮೂತ್ರಪಿಂಡ ಎರಡನ್ನೂ ಕೆಡಸ್ತೈತೆ. ಕೈ ಚರ್ಮದ ಮೂಲಕಾನೂ ಒಳಗೆ ಇಳೀತೈತೆ. ಕೆಟ್ಟ ನೀರಿನಿಂದ ಬರೋ ಕಾಮಾಲೆ ಬ್ಯಾರೆ ಐತೆ, ಅದು ಕೊಳಕು ಕೈ, ಕೊಳಕು ನೀರಿನಿಂದ ಹರಡತೈತೆ. ಇದು ಒಬ್ಬರಿಂದ ಒಬ್ಬರಿಗೆ ಹರಡಲ್ಲ. ಪಕ್ಕ ಕೂತು ಉಂಡ್ರೆ ಏನೂ ಆಗಲ್ಲ."

ಮರುಳಸಿದ್ದಮ್ಮ ಕಂಬಕ್ಕೆ ಒರಗಿ ಕೇಳುತ್ತಿದ್ದಳು. "ಮ್ಯಾಲೆ ಕಿಂಡಿ ಇತ್ತಲ್ಲ ತಂಗಿ" ಎಂದಳು.

"ಅದೇ ಮೋಸ ಅಕ್ಕ. ಒಲೆ ಹೊಗೆ ಮ್ಯಾಲೆ ಹೋಗ್ತೈತೆ, ಕಿಂಡಿಯಾಗೆ ಹೊರಗೆ ಬೀಳ್ತೈತೆ. ಈ ಆವಿ ಗಾಳಿಗಿಂತ ಭಾರ. ಮ್ಯಾಲೆ ಏರಲ್ಲ, ನೀರಿನ ಹಂಗೆ ನೆಲಕ್ಕೆ ಕೂರ್ತೈತೆ. ಮುಚ್ಚಿದ ಕೋಣೆ ಅಂದ್ರೆ ಕಾಣದ ಹೊಂಡ ಇದ್ದಂಗೆ. ನಿಂತೋರಿಗೆ ಮೊಣಕಾಲಷ್ಟಿದ್ರೆ, ಕೂತೋರಿಗೆ ಮೂಗಿನ ತನಕ. ಮಲಗಿದೋರು ಮುಳುಗೇ ಹೋದ್ರು. ಬೆಕ್ಕು ದಿನಾ ಮಲಗೇ ಇತ್ತು."

ಬಾಗಿಲ ಬಳಿ ಕೂತಿದ್ದ ಕಸ್ತೂರಮ್ಮನ ಗಂಡ ಲಿಂಗಣ್ಣ ಗಂಟಲು ಸರಿಮಾಡಿಕೊಂಡ. ಅವನು ಊರ ಹತ್ತಿರದ ಒಂದು ಕಾರ್ಖಾನೆಯಲ್ಲಿ ಕಬ್ಬಿಣದ ಸಾಮಾನು ತೊಳೆಯುವ ಕೆಲಸಕ್ಕಿದ್ದ. ವಾದಕ್ಕೆ ಇಳಿದರೆ ಹಿಂದೆ ಸರಿಯುವ ಗಿರಾಕಿಯಲ್ಲ.

"ಅಲ್ರಿ ಅಕ್ಕೋರೆ, ಹಂಗೆ ಹೆದರಿಸಬ್ಯಾಡ್ರಿ. ಬಸ್ಸಿನಾಗೆ ಕೆಂಪು ಪಂಪು ನೇತು ಹಾಕಿರ್ತಾರಲ್ಲ, ಅದ್ರಾಗೂ ಇದೇ ನೀರಂತೆ. ಬೆಂಕಿನೇ ಆರಿಸೋ ನೀರು ಮನುಷ್ಯಾಗೆ ಏನು ಮಾಡ್ತೈತೆ? ನಾವೂ ಜಿಡ್ಡು ತೊಳೆಯಾಕೆ ಅದ್ರಾಗೇ ಅದ್ದೋದು. ನಂಗೇನಾಗೈತೆ?"

"ಮನಿಗೂ ತಂದಿದೀರೇನು?"

ಲಿಂಗಣ್ಣ ಗೂಡಿನ ಕಡೆ ನೋಡಿದ. ಅಲ್ಲಿ ಒಂದು ಸೋಡಾ ಸೀಸೆ, ಬಾಯಿಗೆ ಬಟ್ಟೆ ತುರುಕಿತ್ತು. ಕೈಯ ಜಿಡ್ಡು ತೆಗೆಯಲೆಂದು ತಂದಿಟ್ಟದ್ದು. ಪಕ್ಕದಲ್ಲಿ ಬೀಡಿ ಕಟ್ಟು, ಬೆಂಕಿಪೊಟ್ಟಣ.

ಬಿಲ್ಕೀಸ್ ಸೀಸೆ ಎತ್ತಿ ಮೂಸಿ ನೋಡಿ ಅಂಗಳದ ದೂರದ ಮೂಲೆಗೆ ಒಯ್ದು ಇಟ್ಟಳು. "ಲಿಂಗಣ್ಣ, ಇದು ಉರಿಯಲ್ಲ, ಬೆಂಕಿ ಆರಿಸ್ತೈತೆ, ಖರೆ. ಆದ್ರೆ ಕೆಂಡ ಸೋಕಿದ್ರೆ, ಬೀಡಿ ಸೋಕಿದ್ರೆ, ಇದರ ಆವಿ ಇನ್ನೂ ಕೆಟ್ಟ ವಿಷಗಾಳಿ ಆಗ್ತೈತೆ. ಬೆಂಕಿ ಆರಿಸೋದು ಬ್ಯಾರೆ, ಜೀವ ಆರಿಸೋದು ಬ್ಯಾರೆ ಅಂತ ಅದಕ್ಕೆ ಗೊತ್ತಿಲ್ಲಪ್ಪ. ನೀವು ಕುಡೀತೀರೇನು?"

"ಅಷ್ಟೇನಿಲ್ಲ" ಎಂದ ಲಿಂಗಣ್ಣ, ಹೆಂಡತಿಯ ಮುಖ ನೋಡದೆ.

"ಕುಡಿಯೋರಿಗೆ ಇದು ದುಪ್ಪಟ್ಟು ಏಟು. ನಂಗೇನಾಗೈತೆ ಅಂದ್ರಲ್ಲ, ತಲೆಭಾರ ಬರಲ್ಲೇನು? ಸಂಜೆ ವಾಕರಿಕೆ?"

ಲಿಂಗಣ್ಣ ಉತ್ತರ ಕೊಡುವ ಮೊದಲೇ ಕಸ್ತೂರಮ್ಮ ಹೇಳಿಬಿಟ್ಟಳು. "ಎರಡು ತಿಂಗಳಾತು ಅಕ್ಕೋರೆ, ರಾತ್ರಿ ರೊಟ್ಟಿ ಮುಟ್ಟಲ್ಲ. ದೃಷ್ಟಿ ಆಗೈತೆ ಅಂತ ಮೆಣಸಿನಕಾಯಿ ನಿವಾಳಿಸಿದ್ದೆ." ಹಾಗೆನ್ನುತ್ತ ಆಕೆ ಅಂಗಳದ ಸೀಸೆ ನೋಡಿದಳು, ಕಂಬಕ್ಕೆ ಒರಗಿದ ಅಕ್ಕನನ್ನು ನೋಡಿದಳು. ಹತ್ತಿರ ಹೋಗಿ ಅಕ್ಕನ ಕೈ ಹಿಡಿದುಕೊಂಡಳು. "ನಾಳೆಯಿಂದ ಅದ್ರಾಗೆ ಬರಿಗೈ ಇಡಬ್ಯಾಡ್ರಿ" ಎಂದಳು ಗಂಡನಿಗೆ. "ಅದನ್ನ ಮನೀಗೆ ತಂದ್ರೆ ನಾನು ಒಲೆ ಹಚ್ಚಲ್ಲ." ಲಿಂಗಣ್ಣ ಎಲ್ಲದಕ್ಕೂ ವಾದ ಮಾಡುವವನು, ಅವತ್ತು ಮಾಡಲಿಲ್ಲ.

ಹೊರಡುವಾಗ ಬಿಲ್ಕೀಸ್ ಒಂದು ಚೀಟಿ ಕೊಟ್ಟಳು. ಈಕೆಗೆ ಆ ಕೆಲಸ ಇನ್ನು ಕೂಡದು, ಬಟ್ಟೆ ಮಡಚುವ ಕೆಲಸಕ್ಕೆ ಹಾಕಬೇಕು ಎಂದು ಡಾಕ್ಟರು ಬರೆದದ್ದು. ಮರುಳಸಿದ್ದಮ್ಮ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬಾಗಿಲು, ಒಲೆ, ಎರಡೂ ಆ ಗಂಟಿನಲ್ಲಿದ್ದವು.

ಸಂಕ್ರಾಂತಿ ಕಳೆದು ಕೆಲಸಕ್ಕೆ ಬಂದಳು. ಕಲ್ಲೇಶಪ್ಪನವರು ಚೀಟಿ ಓದಿ, "ಆತು, ನೀನು ಮಡಚೋಕೆ ಕೂಡು" ಎಂದರು. ಮರುಳಸಿದ್ದಮ್ಮನ ಎದೆಯ ಭಾರ ಇಳಿಯಿತು. ದೊಡ್ಡ ಕೋಣೆಯ ಕೊನೆಯಲ್ಲಿ ಹೋಗಿ ಕೂತಳು. ಹೆಂಗಸರು ಮೂರು ಕೈ ದೂರ ಬಿಟ್ಟು ಕೂತರು. ಇರಲಿ, ದೂರವಾದರೂ ಮಾತು ಕೇಳುತ್ತದಲ್ಲ ಎಂದುಕೊಂಡಳು.

ಆಗ ಕಲ್ಲೇಶಪ್ಪನವರು, "ದುರುಗಮ್ಮ, ಎರಡು ತಿಂಗಳಿಂದ ಕಲೆ ಬಟ್ಟೆ ರಾಶಿ ಬಿದ್ದೈತೆ. ಇವತ್ತಿಂದ ಹಾರುನೀರು ನಿನಗೆ. ಬಾಗಿಲು ಮುಚ್ಚಿಕೋ" ಎಂದರು.

ದುರುಗಮ್ಮನ ಬಾಯಲ್ಲಿ ಹಾಸ್ಯ ಬರಲಿಲ್ಲ. ಬುತ್ತಿ ಎತ್ತಿಕೊಂಡು ಎದ್ದಳು. ಮನೆಯಲ್ಲಿ ಸಣ್ಣ ಕೂಸುಗಳಿವೆ, ಇಲ್ಲ ಎನ್ನುವ ಹಾಗಿಲ್ಲ.

ಮರುಳಸಿದ್ದಮ್ಮ ಥಾನಿನ ಅಂಚು ಹಿಡಿದು ಕೂತಿದ್ದಳು. ಸುಮ್ಮನಿದ್ದರೆ ತನ್ನ ಕೆಲಸ ಉಳಿಯುತ್ತದೆ. ಬಾಯಿ ತೆರೆದರೆ ಏನಾಗುತ್ತದೋ ಗೊತ್ತಿಲ್ಲ. ಮೆಟ್ಟಿಲ ಮೇಲೆ ತಾನು ಬಿದ್ದಾಗ ನಿಂತೇ ಇದ್ದವರು ಇವರು. ನೆನಪಾಯಿತು, ನೋವೂ ಆಯಿತು, ಸುಳ್ಳು ಯಾಕೆ ಹೇಳಬೇಕು. ಆದರೆ ಆ ಮುಚ್ಚಿದ ಬಾಗಿಲಿನ ಹಿಂದೆ ಒಬ್ಬಳೇ ಕೂತು, ಗೋಡೆಯಾಚೆಯ ನಗು ಕೇಳುವುದು ಎಂಥದ್ದು ಎಂದು ಅಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಎದ್ದು ಹೋಗಿ ಸಣ್ಣ ಕೋಣೆಯ ಹೊಸ್ತಿಲ ಮೇಲೆ ಅಡ್ಡ ನಿಂತಳು.

"ದುರುಗವ್ವ ಇಲ್ಲಿ ಕೂಡಂಗಿಲ್ರಿ."

"ಏನಂದಿ?"

"ಬಾಗಿಲು ಮುಚ್ಚಿ ಯಾರೂ ಕೂಡಂಗಿಲ್ಲ. ಮಾಡೋದಾದ್ರೆ ಹೊರಗೆ ಪಡಸಾಲ್ಯಾಗೆ, ಮೇಜಿನ ಮ್ಯಾಲೆ, ನಿಂತು ಮಾಡ್ಲಿ. ದಿನಕ್ಕೊಬ್ಬರು ಸರದಿ ಮ್ಯಾಲೆ."

"ಸಾಮಾನು ಹಾರಿ ಹೋಗ್ತೈತಲ್ಲವ್ವ! ಯಾರಪ್ಪನ ಮನಿ ಗಂಟು?" ಕಲ್ಲೇಶಪ್ಪನವರ ದನಿ ಏರಿತು. "ಒಂದು ಬೆಕ್ಕು ಸತ್ತಿದ್ದಕ್ಕೆ ಎಷ್ಟು ರಂಪ! ಚೀಟಿ ಕೊಟ್ಟ ಕೂಡ್ಲೆ ತಲಿ ಮ್ಯಾಲೆ ಕೂತಿಯೇನು? ಕೆಲಸ ಬೇಕೋ ಬ್ಯಾಡೋ ನಿನಗೆ?"

ಮರುಳಸಿದ್ದಮ್ಮ ಹೊಸ್ತಿಲು ಬಿಟ್ಟು ಕದಲಲಿಲ್ಲ.

"ಬೇಕ್ರಿ ಮೇಸ್ತ್ರಿಗಳೇ. ಅದು ಬಿಟ್ರೆ ನಂಗೆ ಯಾರಿದಾರೆ? ಆದ್ರೆ ಒಂದು ಮಾತು. ನೀವೇ ಒಂದು ತಾಸು ಒಳಗೆ ಕೂಡ್ರಿ. ನಾನು ಹೊರಗಿಂದ ಬಾಗಿಲು ಮುಚ್ತೀನಿ. ನೆಲದ ಮ್ಯಾಲೇ ಕೂಡಬೇಕು, ಕೆಂಚಿ ಮಲಗ್ತಿದ್ದ ಜಾಗದಾಗೆ. ಎದ್ದು ಬಂದು ಏನೂ ಆಗಲಿಲ್ಲ ಅಂದ್ರೆ ದುರುಗವ್ವ ಯಾಕ, ನಾನೇ ಹೋಗಿ ಕೂತ್ಕಂತೀನಿ."

ಕಲ್ಲೇಶಪ್ಪನವರು ಒಳಗೆ ಇಣುಕಿದರು. ಬಂಡೆ ಹಾಸು, ಬೋಗುಣಿ. ಮೂಲೆಯಲ್ಲಿ ಒಂದು ತೆಂಗಿನ ಕರಟ, ತಳದಲ್ಲಿ ಒಣಗಿದ ಅನ್ನದ ಅಗುಳು. ಸಿಹಿ ವಾಸನೆ. ಹನ್ನೆರಡು ಹೆಂಗಸರು ಅವರನ್ನೇ ನೋಡುತ್ತಿದ್ದರು. ಅವರು ಒಂದು ಕಾಲನ್ನು ಹೊಸ್ತಿಲ ಒಳಗೆ ಇಟ್ಟರು. ಇಟ್ಟ ಕಾಲನ್ನು ಹಾಗೇ ನೋಡಿಕೊಂಡರು. ನೆಲದಲ್ಲಿ ಏನೋ ಕಾಣುತ್ತದೆಯೇನೋ ಎಂಬಂತೆ.

ಕೂಡಲಿಲ್ಲ. ಕಾಲು ಹಿಂದೆ ತೆಗೆದರು.

"ಮೇಜು ಹೊರಗೆ ಹಾಕ್ರಿ" ಎಂದರು, ಯಾರ ಮುಖವನ್ನೂ ನೋಡದೆ. ಹತ್ತು ಹೆಜ್ಜೆ ಹೋಗಿ ತಿರುಗಿ ಬಂದು, "ಬೋಗುಣಿಗೆ ಮುಚ್ಚಳ ಬೇಕು. ಬಾಯಿ ಸಣ್ಣದಿರೋ ಡಬ್ಬಿ ಕೊಡ್ತೀನಿ, ಅದ್ರಾಗೆ ಅಷ್ಟು ಹಾರಲ್ಲ" ಎಂದರು. ನೋಡಿ, ಉಳಿಸುವ ಬುದ್ಧಿ ಇದ್ದವರಿಗೆ ದಾರಿ ಇದ್ದೇ ಇತ್ತು, ಮೊದಲು ಹೊಳೆದಿರಲಿಲ್ಲ ಅಷ್ಟೇ!

ಮಧ್ಯಾಹ್ನ ಬೇವಿನ ಮರದ ಕೆಳಗೆ ಮರುಳಸಿದ್ದಮ್ಮ ಒಂದು ಕಡೆ ಕೂತು ಬುತ್ತಿ ಬಿಚ್ಚಿದಳು. ಅಲ್ಲೇ ಬುಡದಲ್ಲಿ ಕೆಂಚಿಯ ಮಣ್ಣು. ಸ್ವಲ್ಪ ಹೊತ್ತಿಗೆ ದುರುಗಮ್ಮ ಬಂದಳು. ನಿಂತಳು. ಆಮೇಲೆ ಮಗ್ಗುಲಿಗೆ ಮಗ್ಗುಲು ತಾಗುವ ಹಾಗೆ ಕೂತು, ತನ್ನ ರೊಟ್ಟಿ ಮುರಿದು ಅರ್ಧ ಅವಳ ಕೈಗಿಟ್ಟಳು.

"ಅವತ್ತು ನಾನು ಬರಬೇಕಿತ್ತು" ಎಂದಳು. ಅಷ್ಟೇ ಹೇಳಿದಳು. ಹಾಸ್ಯದ ಹೆಂಗಸು, ಕಣ್ಣು ತುಂಬಿ ಬಂದಿತ್ತು.

ಮರುಳಸಿದ್ದಮ್ಮ ತನ್ನ ಬುತ್ತಿಯನ್ನು ಇಬ್ಬರ ನಡುವೆ ಸರಿಸಿದಳು. ಸಂಜೆ ಮನೆಗೆ ಹೋಗಿ ತನ್ನ ಬಾಗಿಲನ್ನು ತಾನೇ ತೆರೆದು, ತನ್ನ ಒಲೆಯನ್ನು ತಾನೇ ಹಚ್ಚಿದಳು. ಮಾತಾಡಲು ಯಾರೂ ಇರಲಿಲ್ಲ. ಕರಟವನ್ನು ಮಿಲ್ಲಿನಿಂದ ತಂದಿದ್ದಳು. ತೊಳೆದು ಗೂಡಿನಲ್ಲಿ ಬೋರಲು ಹಾಕಿದಳು.

ಇದನ್ನು ಓದುತ್ತಿರುವ ಅಣ್ಣಂದಿರೇ, ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮ ಕೆಲಸದ ಜಾಗದಲ್ಲೂ ಈ ಹಾರುನೀರು ಬೇರೆ ಹೆಸರಿನಲ್ಲಿ ಇರಬಹುದು. ಬಟ್ಟೆಯ ಕಲೆ ತೆಗೆಯುವಲ್ಲಿ, ನೀರಿಲ್ಲದೆ ರೇಷ್ಮೆ ತೊಳೆಯುವ ಅಂಗಡಿಯಲ್ಲಿ, ಯಂತ್ರದ ಜಿಡ್ಡು ಬಿಡಿಸುವಲ್ಲಿ, ಬೆಂಕಿ ಆರಿಸುವ ಪಂಪಿನಲ್ಲಿ. ಸಿಹಿ ವಾಸನೆಗೆ ಮರುಳಾಗಬೇಡಿ. ಡ್ರಮ್ಮಿನ ಮೇಲಿನ ಹೆಸರನ್ನು ಓದಬಲ್ಲವರಿಂದ ಓದಿಸಿ. ಬಾಗಿಲು ತೆರೆಯಿರಿ, ಗಾಳಿ ನೆಲಮಟ್ಟದಲ್ಲಿ ಹೊರಗೆ ಹೋಗುವ ಹಾಗೆ ಮಾಡಿ. ಅದರ ಹತ್ತಿರ ಬೀಡಿ ಬೇಡ, ಊಟ ಬೇಡ, ನಿದ್ದೆಯಂತೂ ಬೇಡವೇ ಬೇಡ. ಮೂಗಿಗೆ ಸೆರಗು ಕಟ್ಟಿಕೊಂಡರೆ ಆವಿ ನಿಲ್ಲುವುದಿಲ್ಲ. ಸೋಡಾ ಸೀಸೆಯಲ್ಲಿ ತುಂಬಿ ಮನೆಗೆ ತರಬೇಡಿ, ಅದರಲ್ಲಿ ಕೈ ತೊಳೆಯಬೇಡಿ. ತಲೆ ತಿರುಗಿದರೆ ನೆಲ ಹಿಡಿಯಬೇಡಿ, ಬಾಗಿಲು ಹಿಡಿಯಿರಿ, ಬಯಲಿಗೆ ಬನ್ನಿ. ಡಾಕ್ಟರ ಮುಂದೆ ಕೂತಾಗ ಎಲ್ಲಿ ನೋವು ಎನ್ನುವುದರ ಜೊತೆಗೆ ಏನು ಕೆಲಸ, ಯಾವ ರಾಸಾಯನಿಕ ಮುಟ್ಟುತ್ತೇನೆ, ಕೂತೋ ನಿಂತೋ ಎಂದೂ ಹೇಳಿ. ಅವರು ಕೇಳದಿದ್ದರೂ ಹೇಳಿ.

ಇನ್ನೊಂದು ಮಾತು, ಇದಕ್ಕೆ ಡಾಕ್ಟರ ಚೀಟಿ ಬೇಕಿಲ್ಲ. ನಿಮ್ಮ ಜೊತೆ ಕೆಲಸ ಮಾಡುವವರ ಕಣ್ಣು ಹಳದಿಯಾಗಿದ್ದರೆ ದೂರ ಸರಿಯಬೇಡಿ. ನಾಳೆ ಮಧ್ಯಾಹ್ನ ನಿಮ್ಮ ಬುತ್ತಿ ಎತ್ತಿಕೊಂಡು ಹೋಗಿ ಅವರ ಪಕ್ಕ ಕೂತು, ಎಲ್ಲಿ ಕೂತು ಕೆಲಸ ಮಾಡುತ್ತೀಯವ್ವ, ಬಾಗಿಲು ತೆರೆದಿರುತ್ತದೋ ಮುಚ್ಚಿರುತ್ತದೋ ಎಂದು ಕೇಳಿ. ಮರುಳಸಿದ್ದಮ್ಮನನ್ನು ಯಾರಾದರೂ ಒಬ್ಬರು ಮೊದಲನೇ ಸಲವೇ ಹಾಗೆ ಕೇಳಿದ್ದರೆ, ಬೇವಿನ ಮರದ ಬುಡದಲ್ಲಿ ಇವತ್ತು ಆ ಮಣ್ಣಿನ ಗುಪ್ಪೆ ಇರುತ್ತಿರಲಿಲ್ಲ.